ಗೇಮ್‌ಗಳಿಗೂ ವಿಮರ್ಶೆ ಬೇಕು, ಹೊಯ್ಸಳರ ಆಟದಿಂದಲೇ ಶುರು ಮಾಡಿ

ಮಾನ್ಯ ಸಂಪಾದಕರೇ,

ಜಿಟಿಎ 6 ಅನ್ನುವ ವಿಡಿಯೊ ಗೇಮಿನ ಬಿಡುಗಡೆ ಮತ್ತೆ ಮುಂದಕ್ಕೆ ಹೋದ ಸುದ್ದಿಯನ್ನು ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಓದಿದೆ. 2025ರಲ್ಲಿ ಬರುತ್ತೆ ಅಂದಿದ್ದರು. ಆಮೇಲೆ 2026ರ ಮೇ 26 ಅಂದರು. ಈಗ ನವೆಂಬರ್ 19 ಅಂತಿದ್ದಾರೆ. ದಿನಾಂಕವೆಲ್ಲ ಸರಿಯಾಗಿಯೇ ಕೊಟ್ಟಿದ್ದೀರಿ. ಆದರೆ ಸುದ್ದಿ ಅಲ್ಲಿಗೇ ಮುಗಿಯಿತು. ಅದು ಎಂಥ ಆಟ, ಯಾವ ವಯಸ್ಸಿನವರು ಆಡಬಹುದು, ಜನ ಅದಕ್ಕೆ ಯಾಕೆ ಇಷ್ಟು ವರ್ಷ ಕಾಯ್ತಿದ್ದಾರೆ, ಒಂದು ಸಾಲೂ ಇರಲಿಲ್ಲ. ಅದೇ ಶುಕ್ರವಾರ ತೆರೆಕಂಡ ಸಿನಿಮಾಗೆ ಮಾರನೇ ದಿನ ನಾಲ್ಕು ಕಾಲಂ ವಿಮರ್ಶೆ ಬಂದಿತ್ತು. ಛಾಯಾಗ್ರಹಣ ಹೇಗಿದೆ, ದ್ವಿತೀಯಾರ್ಧ ಎಲ್ಲಿ ಎಳೆದಿದೆ, ಎಲ್ಲವೂ ಇತ್ತು.

ನಾನು ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದಲ್ಲಿ ಗೈಡ್. ಗೇಮ್ ವಿಷಯಕ್ಕೂ ಗೈಡಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ಹೇಳ್ತೀನಿ.

ಪುಣೆಯಿಂದ ಬಂದಿದ್ದ ಹುಡುಗನೊಬ್ಬ ದೇವಸ್ಥಾನದ ಗೇಟಿನ ಹತ್ತಿರ ನಿಂತು ಮೊಬೈಲ್ ತೋರಿಸಿದ. ಅದರಲ್ಲಿ ಒಂದು ಚಿತ್ರ. ದಟ್ಟ ಕಾಡು, ಜಲಪಾತ, ಬೆಟ್ಟದಷ್ಟು ಎತ್ತರದ ಗಣಪತಿ ವಿಗ್ರಹ. 'ಸರ್, ಇದು ಯಾವ ಕಡೆ ಬರುತ್ತೆ?' ಅಂತ ಕೇಳಿದ. ಹೊಯ್ಸಳರದ್ದೇ ಅಂತ ಅವನಿಗೆ ಗ್ಯಾರಂಟಿ ಇತ್ತು, ಹಳೇಬೀಡು ಅಂತ ಹೆಸರೂ ಗೊತ್ತಿತ್ತು. ಅದು 'ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ' ಅನ್ನೋ ಗೇಮಿನ ಚಿತ್ರ.

ಅಮೆರಿಕದ ನಾಟಿ ಡಾಗ್ ಕಂಪನಿ 2017ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 4 ಅನ್ನುವ ಗೇಮ್ ಯಂತ್ರಕ್ಕೆ ತಂದ ಆಟ ಅದು. 2022ರಲ್ಲಿ ಕಂಪ್ಯೂಟರಿಗೂ ಬಂತು. ಕ್ಲೋಯಿ ಫ್ರೇಜರ್ ಅನ್ನುವ ಹೆಣ್ಣುಮಗಳು ಗಣಪತಿಯ ದಂತ ಹುಡುಕಿಕೊಂಡು ಭಾರತಕ್ಕೆ ಬರುತ್ತಾಳೆ. ಹಾಗೆ ಬಂದವಳು ಎಲ್ಲಿಗೆ ಹೋಗುತ್ತಾಳೆ ಗೊತ್ತಾ? ಪಶ್ಚಿಮ ಘಟ್ಟಕ್ಕೆ, ಹೊಯ್ಸಳರ ಪಾಳುಬಿದ್ದ ಊರುಗಳಿಗೆ. ಹಳೇಬೀಡು, ಬೇಲೂರು ಎರಡೂ ಹೆಸರು ಆಟದಲ್ಲಿವೆ. ನಮ್ಮ ರಾಜ್ಯದ ಒಂದು ರಾಜವಂಶದ ಮೇಲೆ ಇಷ್ಟು ದೊಡ್ಡ ಆಟ ಬಂತು. ನಾನು ಕನ್ನಡ ಪತ್ರಿಕೆಗಳನ್ನು ದಿನಾ ಓದುವವನು. ಅದರ ಮೇಲೆ ಒಂದು ವಿಮರ್ಶೆ ನನ್ನ ಕಣ್ಣಿಗೆ ಬೀಳಲಿಲ್ಲ.

ಆ ಹುಡುಗ ಹೋದ ಮೇಲೆ ಹಾಸನದಲ್ಲಿರುವ ಅಕ್ಕನ ಮಗನ ಮನೆಗೆ ಹೋಗಿ, ಅವನ ಪಕ್ಕ ಕೂತು ಪೂರ್ತಿ ಆಟ ನೋಡಿದೆ. ಕೆಲವು ಕಡೆ ನಾನೇ ಆಡಿದೆ. ನನಗೆ ಹೊಟ್ಟೆ ಉರಿದಿದ್ದೂ ಇದೆ, ತುಂಬಾ ಖುಷಿಯಾಗಿದ್ದೂ ಇದೆ. ಅವೆರಡನ್ನೂ ಯಾರಾದರೂ ಬರೆಯಬೇಕಿತ್ತು ಅನ್ನುವುದೇ ನನ್ನ ದೂರು.

ಮೊದಲು ಹೊಟ್ಟೆ ಉರಿದಿದ್ದು. ಹಳೇಬೀಡು ಕಾಡಿನೊಳಗಿನ ಊರಲ್ಲ. ಇಲ್ಲಿ ಜಲಪಾತ ಇಲ್ಲ, ದೊಡ್ಡ ಕೆರೆ ಇದೆ. ಸುತ್ತ ಹೊಲ, ತೆಂಗಿನ ತೋಟ. ಘಟ್ಟ ನೋಡಬೇಕು ಅಂದರೆ ಸಕಲೇಶಪುರದ ಕಡೆ ಹೋಗಬೇಕು. ಇನ್ನು ಬೆಟ್ಟದಷ್ಟು ಎತ್ತರದ ವಿಗ್ರಹ ಹೊಯ್ಸಳರ ಗುಣವೇ ಅಲ್ಲ. ಅವರ ದೊಡ್ಡತನ ಇರುವುದು ಸಣ್ಣದರಲ್ಲಿ. ನಮ್ಮ ದೇವಸ್ಥಾನದ ಹೊರಗೋಡೆ ನೋಡಿ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು. ಅದರ ಮೇಲೆ ಸಿಂಹ. ಆಮೇಲೆ ಬಳ್ಳಿ, ಕುದುರೆ ಸವಾರರು. ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕತೆಗಳು. ಇನ್ನೂ ಮೇಲೆ ಮಕರ, ಹಂಸ. ಆನೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರೆ ಒಂದರ ಸೊಂಡಿಲು ಇದ್ದಂತೆ ಪಕ್ಕದ್ದು ಇಲ್ಲ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತೆ. ಅದಕ್ಕೇ ಇಂಥ ಕುಸುರಿ ಸಾಧ್ಯವಾಯಿತು. ಹೊರಗೋಡೆಯಲ್ಲಿ ಕುಣಿಯುವ ಗಣಪತಿ ಇದ್ದಾನೆ. ಆಟದ ಗಣಪತಿಯ ಪಾದದ ಬೆರಳಿನಷ್ಟೂ ಇಲ್ಲ ಅವನು. ಆದರೆ ಅವನ ಒಡವೆಗಳನ್ನು ನೋಡುತ್ತಾ ನಿಂತವರನ್ನು ಮುಂದಕ್ಕೆ ಕರೆದುಕೊಂಡು ಹೋಗುವುದೇ ನನಗೆ ಕಷ್ಟ. 2023ರಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತಲ್ಲ, ಅಲ್ಲಿ ಎಣಿಕೆಗೆ ಬಂದಿದ್ದು ಎತ್ತರ ಅಲ್ಲ, ಈ ಕೈಕೆಲಸ.

ಈಗ ಖುಷಿಯಾಗಿದ್ದು. ಪರಶುರಾಮನ ಕೊಡಲಿ ಏಟಿಗೆ ಗಣಪತಿಯ ದಂತ ಮುರಿದ ಕತೆಯನ್ನು ಆಟದವರು ಸುಮ್ನೆ ಅಲಂಕಾರಕ್ಕೆ ತಂದಿಲ್ಲ, ಆಟದ ಒಳಗೇ ಹೆಣೆದಿದ್ದಾರೆ. ನಾಲ್ಕನೇ ಅಧ್ಯಾಯದ ಹೆಸರೇ 'ವೆಸ್ಟರ್ನ್ ಘಾಟ್ಸ್'. ಇಡೀ ಆಟ ಓಪನ್ ವರ್ಲ್ಡ್, ಅಂದರೆ ಆಡುವವರು ಇಷ್ಟ ಬಂದ ಕಡೆ ಸುತ್ತಬಹುದಾದ ಆಟ, ಅಲ್ಲ, ಆದರೆ ಈ ಒಂದು ಅಧ್ಯಾಯ ಹೆಚ್ಚುಕಡಿಮೆ ಹಾಗೇ ಇದೆ. ವಿಶಾಲವಾದ ಕಣಿವೆ, ಒಂದು ಜೀಪು. ತ್ರಿಶೂಲ, ಬಿಲ್ಲು, ಕೊಡಲಿ, ಹೀಗೆ ಒಂದೊಂದು ಗುರುತಿನ ಮೂರು ಕೋಟೆಗಳು. ಯಾವುದಕ್ಕೆ ಮೊದಲು ಹೋಗಬೇಕು ಅನ್ನುವುದು ನಿಮ್ಮಿಷ್ಟ. ಕ್ಲೋಯಿ ಕೈಯಲ್ಲಿ ಕಾಗದದ ನಕ್ಷೆ. ನೋಡಿದ ಜಾಗವನ್ನು ಪೆನ್ನಿನಲ್ಲಿ ತಾನೇ ಗುರುತು ಹಾಕಿಕೊಳ್ಳುತ್ತಾಳೆ. ದಾರಿ ತಪ್ಪಿದರೂ ಅಡ್ಡಿಯಿಲ್ಲ, ಅಲ್ಲೂ ಏನೋ ಒಂದು ಪಾಳು ಮಂಟಪ ಸಿಗುತ್ತೆ. ಜನರಿಗೆ ಜಾಗ ತೋರಿಸುವುದೇ ನನ್ನ ಕಸುಬು. ಎಷ್ಟು ಹೇಳಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡು ಅವರೇ ಕಂಡುಕೊಳ್ಳಲು ಬಿಡಬೇಕು ಅನ್ನುವುದು ಈ ಕಸುಬಿನ ಕಷ್ಟದ ಭಾಗ. ಆ ಅಧ್ಯಾಯ ಮಾಡಿದವರಿಗೆ ಅದು ಗೊತ್ತಿದೆ.

ಎಲ್ಲ ಓಪನ್ ವರ್ಲ್ಡ್ ಆಟಗಳಿಗೂ ಅದು ಗೊತ್ತಿಲ್ಲ. ಎಷ್ಟೋ ಆಟಗಳಲ್ಲಿ ನಕ್ಷೆ ತೆರೆದರೆ ನೂರಾರು ಚುಕ್ಕಿ. ಗೋಪುರ ಹತ್ತು, ಪೆಟ್ಟಿಗೆ ತೆಗೆ, ಇನ್ನೊಂದು ಗೋಪುರ ಹತ್ತು. ಮಾಡಿದ್ದೇ ಮಾಡು. ಜಗತ್ತು ದೊಡ್ಡದು ಅಂತ ಜಾಹೀರಾತು ಕೊಡ್ತಾರೆ, ಒಳಗೆ ನೋಡಿದರೆ ಬರೀ ಕೂಲಿ ಕೆಲಸ. 2017ರ ಜೆಲ್ಡಾ, 2022ರ ಎಲ್ಡನ್ ರಿಂಗ್ ಈ ಚುಕ್ಕಿಗಳನ್ನು ಕಡಿಮೆ ಮಾಡಿ, ದೂರದಲ್ಲಿ ಕಾಣುವುದನ್ನು ನೋಡಿ ನಡೆ ಅಂದವು. ಆಡುವವರು ಅವನ್ನು ತಲೆ ಮೇಲೆ ಹೊತ್ತು ಮೆರೆಸಿದರು. ಇದೆಲ್ಲ ಸಿನಿಮಾದ ಚಿತ್ರಕತೆಯಷ್ಟೇ ಗಂಭೀರವಾದ ಕಸಬುದಾರಿಕೆಯ ಪ್ರಶ್ನೆ. ಕನ್ನಡದಲ್ಲೂ ಇದರ ಚರ್ಚೆ ಆಗಬೇಕಲ್ವಾ?

ಜಪಾನಿನ ಕತೆ ನೋಡಿ. 2020ರ ಜುಲೈನಲ್ಲಿ 'ಘೋಸ್ಟ್ ಆಫ್ ತ್ಸುಶಿಮಾ' ಬಂತು. ಮಾಡಿದ ಸಕರ್ ಪಂಚ್ ಸ್ಟುಡಿಯೊ ಅಮೆರಿಕದ್ದು. ಕತೆ ಮಾತ್ರ ಜಪಾನಿನ ತ್ಸುಶಿಮಾ ದ್ವೀಪದ್ದು, 1274ರ ಮಂಗೋಲರ ದಾಳಿಯದ್ದು. ಆಟದಲ್ಲಿ ದಾರಿ ತೋರಿಸಲು ಪರದೆ ಮೇಲೆ ಬಾಣದ ಗುರುತು ಇಲ್ಲ. ಗಾಳಿ ಬೀಸುತ್ತೆ. ಹುಲ್ಲು ಬಾಗಿದ ಕಡೆ ನಡೆಯಬೇಕು. ಜಪಾನಿನಲ್ಲಿ ಫಾಮಿತ್ಸು ಅಂತ 1986ರಿಂದ ಬರುತ್ತಿರುವ ಗೇಮ್ ಪತ್ರಿಕೆ ಇದೆ. ಅಲ್ಲಿ ನಾಲ್ಕು ಜನ ಆಡಿ ತಲಾ ಹತ್ತರಲ್ಲಿ ಅಂಕ ಕೊಡುತ್ತಾರೆ. ಹೊರಗಿನವರು ಮಾಡಿದ ಈ ಆಟಕ್ಕೆ ನಾಲ್ವರೂ ಹತ್ತಕ್ಕೆ ಹತ್ತು ಕೊಟ್ಟರು. ಮುಂದಿನ ವರ್ಷ ತ್ಸುಶಿಮಾದವರು ಆಟದ ಇಬ್ಬರು ನಿರ್ದೇಶಕರನ್ನು ತಮ್ಮ ದ್ವೀಪದ ಪ್ರವಾಸೋದ್ಯಮ ರಾಯಭಾರಿಗಳನ್ನಾಗಿ ಮಾಡಿದರು. ಅಲ್ಲಿನ ವಾತಾತ್ಸುಮಿ ದೇವಾಲಯದ ಹೆಬ್ಬಾಗಿಲು 2020ರಲ್ಲಿ ಚಂಡಮಾರುತಕ್ಕೆ ಬಿದ್ದುಹೋಗಿತ್ತು. ಅದನ್ನು ಮತ್ತೆ ನಿಲ್ಲಿಸಲು 50 ಲಕ್ಷ ಯೆನ್ ಕೇಳಿದರೆ 2 ಕೋಟಿ 70 ಲಕ್ಷ ಯೆನ್‌ಗೂ ಜಾಸ್ತಿ ಬಂತು. ಅದರಲ್ಲಿ ಈ ಆಟ ಆಡಿದವರ ದುಡ್ಡೂ ಇತ್ತು. ನಮ್ಮ ಜಿಲ್ಲೆಯಲ್ಲಿ ಊರ ಹೊರಗೆ ಗಿಡಗಂಟಿ ಮಧ್ಯೆ ಗೋಡೆ ವಾಲಿಕೊಂಡು ನಿಂತಿರುವ ಸಣ್ಣ ಸಣ್ಣ ಹೊಯ್ಸಳ ಗುಡಿಗಳನ್ನು ನೆನೆಸಿಕೊಂಡರೆ ಸಂಕಟವಾಗುತ್ತದೆ.

ಇನ್ನೊಂದು ಉದಾಹರಣೆ ಗೈಡ್ ಆಗಿ ನನಗೆ ಬಹಳ ಇಷ್ಟವಾದದ್ದು. 'ಅಸ್ಯಾಸಿನ್ಸ್ ಕ್ರೀಡ್ ಒರಿಜಿನ್ಸ್' ಪುರಾತನ ಈಜಿಪ್ಟಿನ ಆಟ. 2018ರಲ್ಲಿ ಅದಕ್ಕೆ 'ಡಿಸ್ಕವರಿ ಟೂರ್' ಅಂತ ಸೇರಿಸಿದರು. ಅದರಲ್ಲಿ ಹೊಡೆದಾಟ ಇಲ್ಲ. 75 ಪ್ರವಾಸಗಳಿವೆ. ಪಿರಮಿಡ್ ಒಳಗೆ ಹೋಗಬಹುದು, ಮಮ್ಮಿ ಹೇಗೆ ಮಾಡುತ್ತಿದ್ದರು ಅಂತ ನಿಂತು ಕೇಳಬಹುದು. ಬೇಲೂರು, ಹಳೇಬೀಡಿಗೆ ಇಂಥದ್ದೊಂದು ಬರಲಿ ಅಂತ ನನಗೆ ಆಸೆ. ಇದರಿಂದ ಗೈಡುಗಳ ಹೊಟ್ಟೆ ಮೇಲೆ ಹೊಡೆಯುತ್ತೆ ಅಂತ ನನಗೆ ಅನ್ನಿಸುವುದಿಲ್ಲ. ಆ ಪುಣೆ ಹುಡುಗ ಗೇಮ್ ನೋಡಿಯೇ ಇಲ್ಲಿಗೆ ಬಂದವನು.

ಮಾಡುವ ಕೈಗಳು ನಮ್ಮಲ್ಲಿಲ್ಲವೇ? ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ 1997ರಲ್ಲೇ ಶುರುವಾಗಿತ್ತು. ಜಿಟಿಎ ಮಾಡುವ ರಾಕ್‌ಸ್ಟಾರ್ 2016ರಲ್ಲಿ ಬೆಂಗಳೂರಿನಲ್ಲಿ ಸ್ಟುಡಿಯೊ ತೆರೆಯಿತು, 2019ರಲ್ಲಿ ಧ್ರುವವನ್ನೂ ಕೊಂಡುಕೊಂಡಿತು. 2018ರ 'ರೆಡ್ ಡೆಡ್ ರಿಡೆಂಪ್ಷನ್ 2' ಆಟ ಮುಗಿದ ಮೇಲೆ ಹೆಸರುಗಳ ಪಟ್ಟಿ ಬರುತ್ತದೆ. ಅದರಲ್ಲಿ ರಾಕ್‌ಸ್ಟಾರ್ ಇಂಡಿಯಾ ತಂಡವೂ ಇದೆ. ಅಕ್ಕನ ಮಗ ಪಟ್ಟಿ ಪೂರ್ತಿ ಮುಗಿಯುವ ತನಕ ಬಟನ್ ಒತ್ತಲಿಲ್ಲ. ನಾನೂ ನೋಡುತ್ತಾ ಕೂತೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕಲ್ಲಿನಲ್ಲಿ ಕೆತ್ತಿಟ್ಟಿದ್ದಾರೆ. ಪ್ರವಾಸಿಗಳಿಗೆ ಅದನ್ನು ತಪ್ಪದೆ ಹೇಳುತ್ತೇವೆ. ಬೆಂಗಳೂರಿನ ಈ ಹುಡುಗ ಹುಡುಗಿಯರ ಕೆಲಸವನ್ನು ನಮ್ಮ ಪತ್ರಿಕೆಗಳು ಯಾಕೆ ಹೇಳಬಾರದು?

ಇನ್ನೊಂದು ಮಾತು. ನಿಮ್ಮ ಪತ್ರಿಕೆಯಲ್ಲಿ 'ಗೇಮ್' ಅಂದರೆ ಸಾಮಾನ್ಯವಾಗಿ ಸಾಲ, ಜೂಜು, ಸಾವು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು, ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮ್‌ಗಳನ್ನು, ಅಂದರೆ ಇ-ಸ್ಪೋರ್ಟ್ಸ್ ಅನ್ನು, ಬೇರೆ ಇಟ್ಟಿತು. ಕಾನೂನಿಗೇ ಆ ವ್ಯತ್ಯಾಸ ಗೊತ್ತಿರುವಾಗ ತಲೆಬರಹದಲ್ಲೂ ಅದು ಇರಲಿ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಅಪ್ಪ ಅಮ್ಮಂದಿರಿಗೆ ಭಯ ಬಿಟ್ಟರೆ ಏನೂ ಸಿಗುವುದಿಲ್ಲ. ಅವರಿಗೆ ಬೇಕಾದ ಮಾಹಿತಿ ಬೇರೆಯೇ ಇದೆ. ಜಿಟಿಎ 5 ಬಂದಿದ್ದು 2013ರಲ್ಲಿ, ಮಾರಾಟ 20 ಕೋಟಿ ಪ್ರತಿ ದಾಟಿದೆ. ಅದರ ಡಬ್ಬಿ ಮೇಲೆ 18 ಅಂತ ದೊಡ್ಡದಾಗಿ ಇದೆ. ಅದರಲ್ಲಿ ಚಿತ್ರಹಿಂಸೆಯ ದೃಶ್ಯವಿದೆ, ಆಡುವವನೇ ಬಟನ್ ಒತ್ತಿ ಅದನ್ನು ಮಾಡಬೇಕು. ದೊಡ್ಡವನಾದ ನನಗೇ ಅದು ಸಹಿಸಲಾಗಲಿಲ್ಲ. ಆರನೇ ಕ್ಲಾಸಿನ ಮಕ್ಕಳು ಅದನ್ನು ಆಡುವುದನ್ನು ನಾನು ಕಂಡಿದ್ದೇನೆ. ಪಕ್ಕದಲ್ಲೇ ಕೂತ ತಂದೆಗೆ ಅದು ಕಾರ್ ರೇಸ್ ಅನ್ನಿಸಿತ್ತು. ಮಕ್ಕಳಿಗೆ ಯಾವುದು ಸರಿ, ಯಾವುದು ಬೇಡ ಅಂತ ಕನ್ನಡದಲ್ಲಿ ಬಿಡಿಸಿ ಹೇಳುವವರು ಯಾರಿದ್ದಾರೆ? ನವೆಂಬರ್‌ನಲ್ಲಿ ಜಿಟಿಎ 6 ಬಂದಾಗ ಬೆಲೆ ಎಷ್ಟು ಅಂತ ಮಾತ್ರ ಬರೆಯಬೇಡಿ ಅಂತ ಈಗಲೇ ಕೇಳಿಕೊಳ್ಳುತ್ತಿರುವುದು ಇದಕ್ಕೇ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಶುಕ್ರವಾರದ ಸಿನಿಮಾ ಪುರವಣಿಯಲ್ಲಿ ತಿಂಗಳಿಗೊಮ್ಮೆ ಅರ್ಧ ಪುಟ ಗೇಮ್ ವಿಮರ್ಶೆಗೆ ಕೊಡಿ. ಆಡಿ ಗೊತ್ತಿರುವವರ ಕೈಯಲ್ಲಿ ಬರೆಸಿ, ಕಂಪನಿ ಕೊಟ್ಟ ಪ್ರಕಟಣೆಯನ್ನು ಹಾಕಬೇಡಿ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಅಂತಲೇ ಬರೆಯಲಿ. ವಯಸ್ಸಿನ ಮಿತಿ ಮೊದಲ ಸಾಲಿನಲ್ಲೇ ಇರಲಿ.

ಮೊದಲ ಆಟ 'ಲಾಸ್ಟ್ ಲೆಗಸಿ' ಆಗಲಿ. ಹಳೆಯದಾಯಿತು ಅನ್ನಬೇಡಿ, ಜನ ಈಗಲೂ ಆಡ್ತಿದ್ದಾರೆ. ಬರೆಯುವವರನ್ನು ಒಂದು ದಿನ ಹಳೇಬೀಡಿಗೆ ಕಳಿಸಿ. ಶನಿವಾರ, ಭಾನುವಾರ ಬೇಡ, ಶಾಲಾ ಪ್ರವಾಸದ ಬಸ್ಸುಗಳು ಬರುವ ಮುಂಚೆ ಬೆಳಿಗ್ಗೆ ಬೇಗ ಬರಲಿ. ಲ್ಯಾಪ್‌ಟಾಪಿನಲ್ಲಿ ಆಟವನ್ನೂ ತರಲಿ. ಆನೆ ಸಾಲಿನಿಂದ ಶುರು ಮಾಡಿ ಇಡೀ ಗೋಡೆ ಸುತ್ತಿಸಿ, ಆಟದಲ್ಲಿ ಎಲ್ಲಿ ಸರಿ ಇದೆ, ಎಲ್ಲಿ ತಪ್ಪಿದೆ ಅಂತ ಒಂದೊಂದಾಗಿ ತೋರಿಸುತ್ತೇನೆ. ಅದಕ್ಕೆ ನಾನು ಫೀಸು ತೆಗೆದುಕೊಳ್ಳುವುದಿಲ್ಲ.

ಇಂತಿ,
ಹಳೇಬೀಡಿನ ಒಬ್ಬ ಗೈಡ್,
ಹಾಸನ ಜಿಲ್ಲೆ