ಮೂರನೇ ಹೆರಿಗೆಯ ಲೆಕ್ಕ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಕಾರವಾರದವಳು. ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದು ನಿವೃತ್ತಿಯಾದವಳು. ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವಳು. ಈ ಪತ್ರಕ್ಕೆ ಕಾರಣ ವಾಟ್ಸಾಪಿನಲ್ಲಿ ಬಂದ ಒಂದು ವಿಡಿಯೊ. ನಗಬೇಡಿ.

ಅಮೆರಿಕದ ಪಾಸ್ಟರ್ ಒಬ್ಬರ ಭಾಷಣ ಅದು. ಗರ್ಭಪಾತ ಬೇಡ ಅನ್ನುವವರಿಗೆ ಬಿಟ್ಟು ಬೇರೆ ಯಾರಿಗೆ ಓಟು ಹಾಕಿದರೂ ಕ್ರೈಸ್ತರಿಗೆ ಪಾಪ ಅಂತ ಹೇಳುತ್ತಾರೆ. ಪೂಜೆ ಮುಗಿದ ಮೇಲೆ ಇಗರ್ಜಿ ಅಂಗಳದಲ್ಲಿ ಅದೇ ಮಾತು. "ಕಾನೂನು ಬಿಗಿ ಮಾಡಿ ಅಂತ ನಾವೂ ಶಾಸಕರಿಗೆ ಮನವಿ ಕೊಡ್ಬೇಕು" ಅಂದರು ಒಬ್ಬರು. ಸುಮಾರು ಜನ ಹೌದು ಹೌದು ಅಂದರು. ನನಗೆ ಹೌದು ಅನ್ನಲಾಗಲಿಲ್ಲ. ಅಲ್ಲಿ ಅಲ್ಲ ಅನ್ನುವ ಧೈರ್ಯವೂ ಬರಲಿಲ್ಲ.

ಗರ್ಭದಲ್ಲಿರುವ ಕೂಸೂ ದೇವರ ಕೂಸು ಅಂತ ನಂಬಿದವಳು ನಾನು. ನಮ್ಮ ಕಥೋಲಿಕ ಧರ್ಮಸಭೆ ಹೇಳುವುದೂ ಅದನ್ನೇ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ನಂಬಿಕೆ ಇಟ್ಟುಕೊಂಡು ನಿಮ್ಮ ಬಾಗಿಲಿಗೆ ಬಂದು ಏನು ಕೇಳಬೇಕು? ಅಲ್ಲಿ ನನ್ನ ದಾರಿ ಬೇರೆ.

ನಮ್ಮ ಮನೆಗೆ ಮೀನು ತರುವ ಹೆಂಗಸೊಬ್ಬಳಿದ್ದಾಳೆ. ಹೆಸರು ಬೇಡ. ಒಂದು ಡಿಸೆಂಬರಿನಲ್ಲಿ ನಾನು ಕ್ರಿಸ್ಮಸ್ಸಿಗೆ ನೆವ್ರಿ, ಅಂದರೆ ಕರ್ಜಿಕಾಯಿ, ಮಾಡುತ್ತಾ ಕೂತಿದ್ದೆ. ಅವಳು ಬುಟ್ಟಿ ಇಳಿಸಿ ಜಗಲಿಯ ಮೇಲೆ ಕೂತಳು. ಬುಟ್ಟಿಯಿಂದ ಐಸಿನ ನೀರು ತೊಟ್ಟಿಕ್ಕುತ್ತಿತ್ತು. "ಅಕ್ಕೋರೆ, ಆ ಮಾತ್ರೆ ಚೀಟಿ ಇಲ್ದೆ ಕೊಡ್ತಾರಾ?" ಅಂದಳು. ಯಾವ ಮಾತ್ರೆ ಅಂತ ನಾನು ಕೇಳಬೇಕಾಗಲಿಲ್ಲ.

ಬೆರಳು ಮಡಿಸಿ ಲೆಕ್ಕ ಹೇಳಿದಳು. ಹೆರಿಗೆ ಜುಲೈನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್. ಗಂಡ ಬೋಟಿನಲ್ಲಿ ಕೆಲಸಕ್ಕೆ ಹೋಗುವವನು, ಆ 61 ದಿನ ಅವನಿಗೆ ಪಾಲಿಲ್ಲ. ಇವಳು ಬುಟ್ಟಿ ಹೊರದಿದ್ದರೆ ಇವಳದ್ದೂ ಇಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಅತ್ತೆಯ ಖಾತೆಗೆ. ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಹೆರಿಗೆಗೆ 5,000 ಇದೆ. ಎರಡನೆಯದು ಹೆಣ್ಣಾದರೆ 6,000. ಇವಳ ಎರಡನೆಯದು ಗಂಡು, ಹಾಗಾಗಿ ಆಗಲೇ ಸಿಕ್ಕಿರಲಿಲ್ಲ. ಮೂರನೆಯದಕ್ಕೆ ಅದರಲ್ಲಿ ಜಾಗವೇ ಇಲ್ಲ. "ಎಂತಾ ಮಾಡುದು, ನೀವೇ ಹೇಳಿ."

ನಾನು ಹೇಳಿದ್ದು ಇಷ್ಟೇ: "ಹಾಗೆಲ್ಲ ಮಾಡ್ಬೇಡ, ದೇವರು ನೋಡಿಕೊಳ್ತಾನೆ." ಹಿಟ್ಟಿನ ಕೈಯಲ್ಲೇ ನಾಲ್ಕು ನೆವ್ರಿ ಕಟ್ಟಿಕೊಟ್ಟೆ.

ಹೊಟ್ಟೆ ಕಾಣಬೇಕಾದ ತಿಂಗಳು ಬಂತು. ಕಾಣಲಿಲ್ಲ. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆ ತಿಂಗಳು ಒಂದು ದಿನ ಎರಡು ಬಂಗುಡೆ ಜಾಸ್ತಿ ಹಾಕಿ ಹೋದಳು. ಯಾಕೆ ಅಂತ ಇವತ್ತಿಗೂ ನನಗೆ ತಿಳಿದಿಲ್ಲ.

ಬೈಬಲಿನಲ್ಲಿ ಯಾಕೋಬನ ಪತ್ರ ಅಂತ ಒಂದಿದೆ. ಮೈಮೇಲೆ ಬಟ್ಟೆಯಿಲ್ಲದೆ, ಹಸಿದು ನಿಂತವರಿಗೆ 'ಬೆಚ್ಚಗಿರಿ, ಹೊಟ್ಟೆತುಂಬ ಉಣ್ಣಿ' ಅಂತ ಬಾಯಲ್ಲಿ ಹೇಳಿ ಬರಿಗೈಲಿ ಕಳಿಸಿದರೆ ಏನು ಬಂತು ಅಂತ ಅದರಲ್ಲಿ ಕೇಳಿದ್ದಾರೆ. ಧರ್ಮೋಪದೇಶದ ತರಗತಿಯಲ್ಲಿ ನಾನೇ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸಿದ್ದೆ.

ಇನ್ನು ಕಾನೂನು. ನಮ್ಮ ದೇಶದ ಗರ್ಭಪಾತದ ಕಾನೂನು 1971ರದ್ದು, 2021ರಲ್ಲಿ ತಿದ್ದಿದರು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರದ್ದು ಬೇಕು. ಮದುವೆಯಾಗದವರಿಗೂ ಆ 24 ವಾರದ ಅವಕಾಶ ಉಂಟು ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದು ಸಂಸತ್ತಿನ ಕಾನೂನು, ನಿಮ್ಮ ಕೈಯಲ್ಲಿಲ್ಲ. ಇದ್ದರೂ ಬಿಗಿ ಮಾಡಿ ಅಂತ ನಾನು ಕೇಳುತ್ತಿರಲಿಲ್ಲ. ನಮ್ಮ ಮೀನಿನವಳು ಕಾನೂನನ್ನು ಕೇಳಿ ಬಂದವಳಲ್ಲ. ಮಾತ್ರೆ ಕೇಳಿ ಬಂದವಳು. ಬಿಗಿ ಮಾಡಿದರೆ ಮಾತ್ರೆಯ ರೇಟು ಏರುತ್ತದೆ, ಜುಲೈ ತಿಂಗಳು ಹಾಗೇ ಇರುತ್ತದೆ.

ಕ್ರೈಸ್ತರೆಲ್ಲ ಈ ವಿಷಯದಲ್ಲಿ ಒಂದೇ ಮಾತಿನವರು ಅಂತಲೂ ತಿಳಿಯಬೇಡಿ. ಅದೇ 1971ರಲ್ಲಿ ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಅನ್ನುವ ದೊಡ್ಡ ಪ್ರೊಟೆಸ್ಟೆಂಟ್ ಪಂಗಡದವರು, ಅತ್ಯಾಚಾರವಾಗಿದ್ದರೆ, ತಾಯಿಯ ಆರೋಗ್ಯಕ್ಕೆ ಕುತ್ತು ಬಂದರೆ ಕಾನೂನು ಗರ್ಭಪಾತಕ್ಕೆ ಬಿಡಬೇಕು ಅಂತ ನಿರ್ಣಯ ಮಾಡಿದ್ದರು! ಮುಂದೆ ಪೂರಾ ಬದಲಾದರು, ಅದು ಬೇರೆ ಕತೆ. ನಮ್ಮವರಲ್ಲಿ, ಮರುವರ್ಷ ಪೋಪ್ ಬೆನೆಡಿಕ್ಟ್ ಆದ ಕಾರ್ಡಿನಲ್ ರಾಟ್ಸಿಂಗರ್ 2004ರಲ್ಲಿ ಅಮೆರಿಕದ ಬಿಷಪರಿಗೆ ಬರೆದಿದ್ದರು. ಗರ್ಭಪಾತದ ಪರ ಇದ್ದಾನೆ ಅನ್ನುವ ಕಾರಣಕ್ಕೇ ಒಬ್ಬನಿಗೆ ಓಟು ಹಾಕುವುದು ತಪ್ಪು. ಆದರೆ ಬೇರೆ ಕಾರಣಗಳು ಅಷ್ಟೇ ತೂಕದವಾಗಿದ್ದರೆ ಅವನಿಗೆ ಹಾಕಲು ಅಡ್ಡಿಯಿಲ್ಲ ಅಂತ. ಪೋಪ್ ಫ್ರಾನ್ಸಿಸ್ 2018ರಲ್ಲಿ, ಹುಟ್ಟದ ಕೂಸಿನ ಜೀವದಷ್ಟೇ ಹುಟ್ಟಿದ ಬಡವರ ಜೀವವೂ ಪವಿತ್ರ ಅಂದರು. ವಿಡಿಯೊದ ಪಾಸ್ಟರ್ ಇದ್ಯಾವುದನ್ನೂ ಹೇಳಲಿಲ್ಲ.

ಹಾಗಾದರೆ ನನ್ನ ಓಟಿಗೆ ಏನು ಬೇಕು? 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಶುರುವಾಯಿತು. ಬಸುರಿ ಬಾಣಂತಿಯರಿಗೆ ಅನ್ನ, ಸಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಒಳ್ಳೆಯ ಯೋಜನೆ. ಆದರೆ ಅಂಗನವಾಡಿಗೇ ಬಂದು ಉಣ್ಣಬೇಕು ಅಂತ ಶುರುವಿನಲ್ಲಿ ಮಾಡಿದ್ದು ಯಾರ ತಲೆಗೆ ಹೊಳೆಯಿತೋ. ಮಧ್ಯಾಹ್ನದ ಹೊತ್ತಿಗೆ ಮೀನಿನ ಹೆಂಗಸರು ಎಲ್ಲೋ ಕೇರಿ ಸುತ್ತುತ್ತಿರುತ್ತಾರೆ. ಅಂಥವರಿಗೆ ಊಟ ಅವರಿದ್ದಲ್ಲಿಗೆ ಬರಬೇಕು. ಮೀನು ಮಾರುಕಟ್ಟೆಯ ಹತ್ತಿರ ಬೆಳಗಿನ ಜಾವವೇ ಬಾಗಿಲು ತೆರೆಯುವ ಒಂದು ಶಿಶುಪಾಲನಾ ಕೇಂದ್ರ ಬೇಕು. ಮಳೆಗಾಲದ ಆ ಎರಡು ತಿಂಗಳಲ್ಲಿ ಹೆರುವವರಿಗೆ, ಎಷ್ಟನೇ ಹೆರಿಗೆ ಅಂತ ಕೇಳದೆ, ರಾಜ್ಯವೇ ಏನಾದರೂ ಕೊಡಬೇಕು. ಕೇಂದ್ರದ ನಿಯಮ ನಿಮ್ಮ ಕೈ ಕಟ್ಟಿಲ್ಲವಲ್ಲ.

ಆಸ್ಪತ್ರೆಯ ವಿಷಯ ನಿಮಗೆ ಹೊಸದಾಗಿ ಹೇಳಬೇಕಿಲ್ಲ. 2022ರ ಜುಲೈನಲ್ಲಿ, ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಇಲ್ಲದೆ ರೋಗಿಯನ್ನು ಹೊರಗೆ ಒಯ್ಯಲು ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಹತ್ತಿರ ಮಗುಚಿ ನಾಲ್ವರು ತೀರಿಕೊಂಡರು. ಆಗ ಜಿಲ್ಲೆಯ ಜನ ಜಾತಿ ಧರ್ಮ ನೋಡದೆ 'ಆಸ್ಪತ್ರೆ ಇಲ್ಲದಿದ್ದರೆ ಓಟಿಲ್ಲ' ಅಂದರು. ಜೀವ ಉಳಿಸುವ ಓಟು ಅಂದರೆ ನನಗೆ ಅದೇ.

ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟುವುದೂ ಸರಿಯಲ್ಲ. ಮದುವೆಯಾಗದ ಹುಡುಗಿ ಬಸುರಿ ಅಂತ ಗೊತ್ತಾದರೆ ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಪಿಸಪಿಸ ಶುರು. ಎದುರಿಗೆ ಮಾತೆ ಮರಿಯಳ ಪ್ರತಿಮೆ ನಿಂತಿರುತ್ತದೆ, ಸುಮ್ನೆ. ಈ ಪತ್ರದ ಒಂದು ಪ್ರತಿಯನ್ನು ನಮ್ಮ ಫಾದರ್‌ಗೂ ಕೊಡುತ್ತಿದ್ದೇನೆ.

ಒಂದು ದಿನ ಮಾರುಕಟ್ಟೆಗೆ ಬನ್ನಿ. ಹಾರ ತುರಾಯಿಯ ಹೊತ್ತಿಗಲ್ಲ, ಬೆಳಿಗ್ಗೆ ಆರಕ್ಕೆ. ಬುಟ್ಟಿಗಳ ಮಧ್ಯೆ ಗೋಣಿ ಹಾಸಿ ಕೂಸನ್ನು ಮಲಗಿಸಿರುತ್ತಾರೆ. ಕಾಲಿಡುವಾಗ ಸ್ವಲ್ಪ ನೋಡಿಕೊಂಡು ಇಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಅಕ್ಕೋರು
ಕಾರವಾರ