ಜಿಗಿತವೂ ಪಾಠವೇ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ನಮಸ್ಕಾರ. ನಾನು ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಪಾಠ ಮಾಡುವ ಶಿಕ್ಷಕಿ. ತಮ್ಮಲ್ಲಿ ನನ್ನದು ಒಂದೇ ಬೇಡಿಕೆ. ಚಿಕ್ಕ ಮಕ್ಕಳು ಅಂಗಳದಲ್ಲಿ ಓಡುತ್ತಾ, ಜಿಗಿಯುತ್ತಾ, ಚೆಂಡು ಎಸೆಯುತ್ತಾ ಲೆಕ್ಕ ಮತ್ತು ಓದು ಕಲಿಯುವ ಸಮಯವನ್ನು ಇಲಾಖೆ ಪಾಠದ ಸಮಯ ಅಂತಲೇ ಒಪ್ಪಬೇಕು. ಈಗ ಹಾಗಿಲ್ಲ. ಮಕ್ಕಳು ಬೆಂಚಿನ ಮೇಲೆ ಕೂತು ಬರೆಯುತ್ತಿದ್ದರೆ ಪಾಠ ನಡೆಯುತ್ತಿದೆ, ಹೊರಗೆ ಜಿಗಿಯುತ್ತಿದ್ದರೆ ಟೀಚರ್ ಸುಮ್ನೆ ಹೊತ್ತು ಕಳೆಯುತ್ತಿದ್ದಾರೆ ಅನ್ನುವ ಭಾವನೆ ತಪಾಸಣೆಗೆ ಬರುವವರಲ್ಲೂ ಇದೆ, ಪೋಷಕರಲ್ಲೂ ಇದೆ.

ಹಾಗಾಗಿ ಹೊರಗೆ ನಿಜವಾಗಿ ಏನು ನಡೆಯುತ್ತದೆ ಅಂತ ಮೊದಲು ಹೇಳುತ್ತೇನೆ.

ನೆಲದ ಮೇಲೆ ಚಾಕ್‌ಪೀಸಿನಲ್ಲಿ ಸೊನ್ನೆಯಿಂದ ಇಪ್ಪತ್ತರವರೆಗೆ ಸಂಖ್ಯಾರೇಖೆ ಬರೆದಿರುತ್ತೇನೆ. ಒಂದು ಅಂಕಿಯಿಂದ ಇನ್ನೊಂದಕ್ಕೆ ಒಂದು ಪುಟ್ಟ ಜಿಗಿತದಷ್ಟು ದೂರ. ಮಗು ನಾಲ್ಕರ ಮೇಲೆ ನಿಂತಿದೆ. ‘ಅಲ್ಲಿಂದ ಮೂರು ಮುಂದೆ ಹೋಗು’ ಅನ್ನುತ್ತೇನೆ. ಮಗು ನಿಂತಲ್ಲೇ ‘ಒಂದು’ ಅನ್ನುತ್ತದೆ. ಐದಕ್ಕೆ ಜಿಗಿದು ‘ಎರಡು’, ಆರಕ್ಕೆ ಜಿಗಿದು ‘ಮೂರು’. ಉತ್ತರ ಆರು! ಇದೇ ಮಗು ಪುಸ್ತಕದಲ್ಲಿ 4+3=6 ಅಂತ ಬರೆದಿದ್ದರೆ ತಪ್ಪಾಗಿದೆ ಅಂತ ಮಾತ್ರ ಗೊತ್ತಾಗುತ್ತಿತ್ತು. ಯಾಕೆ ತಪ್ಪಾಯಿತು ಅಂತ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಕಾಲೇ ಹೇಳಿಬಿಡುತ್ತದೆ. ಮಗು ಜಿಗಿತವನ್ನು ಎಣಿಸುತ್ತಿಲ್ಲ, ನಿಂತ ಅಂಕಿಯನ್ನೂ ಸೇರಿಸಿ ಅಂಕಿಗಳನ್ನು ಎಣಿಸುತ್ತಿದೆ. ‘ಕಾಲು ನೆಲ ಬಿಟ್ಟಾಗ ಮಾತ್ರ ಎಣಿಸು’ ಅಂದರೆ ಸಾಕು, ಮುಂದಿನ ಸಲ ಏಳಕ್ಕೆ ಬಂದು ನಿಲ್ಲುತ್ತದೆ. ಹಿಂದಕ್ಕೆ ಜಿಗಿದರೆ ಕಳೆಯುವ ಲೆಕ್ಕ. ಎರಡೆರಡು ಹಾರಿದರೆ ಮಗ್ಗಿ ಶುರು.

ಇದು ರೂಢಿಯಾದ ಮೇಲೆ ನಡುವಿನ ಅಂಕಿಗಳನ್ನೆಲ್ಲ ಅಳಿಸಿ, ಸೊನ್ನೆ ಮತ್ತು ಇಪ್ಪತ್ತನ್ನು ಮಾತ್ರ ಉಳಿಸುತ್ತೇನೆ. ‘ಹದಿನೈದು ಎಲ್ಲಿರಬಹುದು? ಹೋಗಿ ನಿಲ್ಲು.’ ಮಗು ಮೊದಲು ಅರ್ಧ ಎಲ್ಲಿ ಅಂತ ನೋಡುತ್ತದೆ, ಆಮೇಲೆ ಉಳಿದರ್ಧದಲ್ಲಿ ಮತ್ತೆ ಅರ್ಧ. ಸಂಖ್ಯೆ ಎಷ್ಟು ದೊಡ್ಡದು ಅನ್ನುವ ಅಂದಾಜು ಬರುವುದು ಹೀಗೆ. ಮಕ್ಕಳನ್ನು ನೆಲದ ಸಂಖ್ಯಾರೇಖೆಯ ಮೇಲೆ ನಡೆಸಿ ಕಲಿಸುವ ಇದೇ ಬಗೆಯ ಪ್ರಯೋಗವನ್ನು ಜರ್ಮನಿಯ ಸಂಶೋಧಕರು ಮಾಡಿ 2013ರಲ್ಲಿ ಪ್ರಕಟಿಸಿದ್ದಾರೆ.

ಚೆಂಡಿನ ಆಟದಲ್ಲಿ ಸ್ಥಾನಬೆಲೆ ಸಿಗುತ್ತದೆ. ನೆಲದ ಮೇಲೆ ಮೂರು ರಿಂಗ್. ದೂರದ್ದು ನೂರು, ನಡುವಿನದು ಹತ್ತು, ಹತ್ತಿರದ್ದು ಬಿಡಿ. ಒಂದು ತಂಡ ಎಸೆದ ಐದು ಚೆಂಡಿನಲ್ಲಿ ಮೂರು ನೂರಕ್ಕೆ ಬಿದ್ದವು, ಎರಡು ಬಿಡಿಗೆ. ಹತ್ತರ ರಿಂಗ್ ಖಾಲಿ. ಅಂಕ ಬರೆಯುವ ಮಗು 32 ಅಂತ ಬರೆಯಿತು ಅಂದುಕೊಳ್ಳಿ. ತಂಡದವರು ಸುಮ್ಮನಿರುತ್ತಾರಾ? ಮುನ್ನೂರಕ್ಕೂ ಜಾಸ್ತಿ ಗಳಿಸಿದವರಿಗೆ ಮೂವತ್ತೆರಡು ಅಂದರೆ ಒಪ್ಪುವುದಿಲ್ಲ, ಜಗಳಕ್ಕೇ ನಿಲ್ಲುತ್ತಾರೆ. ಆ ಜಗಳದಲ್ಲೇ ಖಾಲಿ ರಿಂಗಿಗೆ ಒಂದು ಸೊನ್ನೆ ಬೇಕು ಅನ್ನುವುದು ಹೊರಬರುತ್ತದೆ. ಸೊನ್ನೆ ಯಾಕೆ ಬರೆಯಬೇಕು ಅಂತ ಕಪ್ಪುಹಲಗೆಯ ಮುಂದೆ ಎಷ್ಟು ವಿವರಿಸಿದರೂ ಅಂಥ ಹಟ ಅವರಲ್ಲಿ ಹುಟ್ಟುವುದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ‘ಉತ್ತರ ಹೇಳು, ಆಮೇಲೆ ಒಂದು ಸುತ್ತು ಓಡಿ ಬಾ’ ಅನ್ನುವುದನ್ನು ನಾನು ಕೇಳುತ್ತಿಲ್ಲ. ಅಲ್ಲಿ ಓಟ ಬೇರೆ, ಲೆಕ್ಕ ಬೇರೆ. ಮೈಗೆ ವ್ಯಾಯಾಮ ಆಗಬಹುದು, ಅಷ್ಟೇ. ಲೆಕ್ಕ ಇರಬೇಕಾದದ್ದು ಜಿಗಿತದ ಒಳಗೇ. ಮೂರು ಅಂದರೆ ಮೂರು ಜಿಗಿತ, ಎರಡರಷ್ಟು ಅಂದರೆ ಎರಡರಷ್ಟು ದೂರ.

ಓದಿಗೂ ಇದು ಹೊಂದುತ್ತದೆ. ಹ್ರಸ್ವಕ್ಕೆ ಗಿಡ್ಡ ಜಿಗಿತ, ದೀರ್ಘಕ್ಕೆ ಉದ್ದ ಜಿಗಿತ. ‘ಸಲ’ ಅಂದರೆ ಎರಡೂ ಗಿಡ್ಡ. ‘ಸಾಲ’ ಅಂದರೆ ಮೊದಲನೆಯದು ಉದ್ದ. ‘ತಳ’, ‘ತಾಳ’ ಕೂಡ ಹಾಗೇ. ಕಾಗುಣಿತ ಬಾಯಿಪಾಠ ಬರುವ ಮಗುವೂ ಬರೆಯುವಾಗ ದೀರ್ಘ ಬಿಡುತ್ತದೆ, ಅಲ್ವಾ? ಸದ್ದಿನ ಉದ್ದ ಕಾಲಿಗೆ ಗೊತ್ತಾದರೆ ಕಿವಿಯೂ ಹುಷಾರಾಗುತ್ತದೆ. ಇನ್ನು ಆಟದ ನಿಯಮವನ್ನೇ ಚೀಟಿಯಲ್ಲಿ ಬರೆದು ಕೊಡಬಹುದು. ‘ಎಡಗಾಲಲ್ಲಿ ಐದು ಸಲ ಕುಂಟಿ, ಚೆಂಡನ್ನು ಹಿಂದಿನವರಿಗೆ ಕೊಡು.’ ಓದಿದರೆ ಮಾತ್ರ ಆಟ ಮುಂದೆ ಹೋಗುತ್ತದೆ. ಓದಲು ತಡವರಿಸುವವರೂ ಈ ಚೀಟಿಯನ್ನು ಬಿಡದೆ ಹಿಡಿದುಕೊಂಡು ಅಕ್ಷರ ಅಕ್ಷರ ಕೂಡಿಸುತ್ತಾರೆ. ಯಾಕೆಂದರೆ ಮುಂದೇನು ಮಾಡಬೇಕು ಅಂತ ಅವರಿಗೆ ನಿಜಕ್ಕೂ ತಿಳಿಯಬೇಕಾಗಿರುತ್ತದೆ.

ಇದಕ್ಕೆ ಪುರಾವೆ ಏನು ಅಂತ ತಾವು ಕೇಳಬಹುದು, ಕೇಳಲೇಬೇಕು. ನೆದರ್ಲೆಂಡ್ಸ್‌ನಲ್ಲಿ 12 ಶಾಲೆಗಳ 499 ಮಕ್ಕಳ ಮೇಲೆ ಎರಡು ವರ್ಷದ ಪ್ರಯೋಗ ನಡೆಯಿತು. ವಾರಕ್ಕೆ ಮೂರು ಸಲ, 20ರಿಂದ 30 ನಿಮಿಷ ಮೈ ಆಡಿಸುತ್ತಾ ಲೆಕ್ಕ ಮತ್ತು ಭಾಷೆಯ ಪಾಠ. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಮಕ್ಕಳು ಲೆಕ್ಕದಲ್ಲೂ ಪದಗಳನ್ನು ತಪ್ಪಿಲ್ಲದೆ ಬರೆಯುವುದರಲ್ಲೂ ಉಳಿದವರಿಗಿಂತ ಮುಂದೆ ಹೋದರು. ಓದಿನಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಡೆನ್ಮಾರ್ಕಿನಲ್ಲಿ 5–6 ವರ್ಷದ ಮಕ್ಕಳಿಗೆ ಇಡೀ ಮೈ ಬಳಸಿ ಅಕ್ಷರಗಳ ಸದ್ದು ಕಲಿಸಿದಾಗ ಒಳ್ಳೆಯ ಫಲ ಸಿಕ್ಕಿದೆ. ಎಲ್ಲ ಪ್ರಯೋಗಗಳೂ ಹೀಗೆ ಗೆದ್ದಿಲ್ಲ. ಹಾಗಾಗಿ ಕಥೆ ಓದಿ ಅರ್ಥ ಮಾಡಿಕೊಳ್ಳುವುದನ್ನು ಜಿಗಿದು ಕಲಿಸಬಹುದು ಅಂತ ನಾನು ಹೇಳುವುದಿಲ್ಲ. ಅದಕ್ಕೆ ಪುಸ್ತಕ ಬೇಕು, ಪಕ್ಕದಲ್ಲಿ ಕೂತು ಕೇಳುವವರು ಬೇಕು. ಅಕ್ಷರ, ಸದ್ದು, ಸಂಖ್ಯೆ, ಅಳತೆ ಇವುಗಳ ಬುನಾದಿಗೆ ಆಟ ಚೆನ್ನಾಗಿ ಒದಗುತ್ತದೆ. ನನ್ನ ಮಾತು ಅಷ್ಟಕ್ಕೇ.

ಎರಡು ಭಯಗಳಿವೆ. ಮೊದಲನೆಯದು ಆಟದ ಪೀರಿಯಡ್‌ನದು. ‘ಗಣಿತದಲ್ಲೇ ಓಡುತ್ತಾರಲ್ಲ, ಇನ್ನು ಆಟದ ಪೀರಿಯಡ್ ಯಾಕೆ?’ ಅಂತ ಯಾರಾದರೂ ಅದನ್ನು ಕತ್ತರಿಸಿದರೆ ಮಕ್ಕಳಿಗೆ ದೊಡ್ಡ ಅನ್ಯಾಯ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈ ದಣಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದೂ ಅಲ್ಲದೆ, ಯಾವ ಅಂಕಿಯೂ ಇಲ್ಲದೆ, ಯಾರೂ ಏನೂ ಕಲಿಸದೆ ಆಡುವುದು ಮಕ್ಕಳ ಹಕ್ಕು.

ಎರಡನೆಯ ಭಯ ಸ್ಪರ್ಧೆಯದು. ಮೊದಲು ಓಡಿ ಬಂದು ಉತ್ತರ ಹೇಳಿದವರು ಗೆದ್ದರು ಅಂತ ಮಾಡಿಬಿಟ್ಟರೆ ಓಟದಲ್ಲಿ ಹಿಂದುಳಿದವರು ಲೆಕ್ಕದಲ್ಲೂ ಸೋತವರಾಗುತ್ತಾರೆ. ಲೆಕ್ಕ ಬಾರದವರು ಎಲ್ಲರ ಕಣ್ಣ ಮುಂದೆ ಸೋಲುತ್ತಾರೆ. ಸಾಲಿನಲ್ಲಿ ಹತ್ತು ಮಕ್ಕಳು ನಿಂತು ಒಬ್ಬರು ಮಾತ್ರ ಓಡುವ ರಿಲೇ ಕೂಡ ಬೇಡ. ಅದರಲ್ಲಿ ಕಲಿಕೆಗಿಂತ ಕಾಯುವುದೇ ಜಾಸ್ತಿ. ಇಬ್ಬಿಬ್ಬರಿಗೆ ಒಂದು ಗೆರೆ ಕೊಟ್ಟರೆ ಎಲ್ಲರೂ ಆಡುತ್ತಾರೆ. ನಡೆಯಲಾಗದ ಮಗು ಗಾಲಿಕುರ್ಚಿಯಲ್ಲೇ ಗೆರೆಯಿಂದ ಗೆರೆಗೆ ಸಾಗಬಹುದು, ಚೆಂಡು ಉರುಳಿಸಬಹುದು. ಇದನ್ನೆಲ್ಲ ಮೊದಲೇ ಯೋಚಿಸಿರಬೇಕು.

ದುಬಾರಿ ಕಿಟ್, ಬಣ್ಣದ ಚಾಪೆ, ಆ್ಯಪ್ ಏನೂ ಬೇಡ. ಚಾಕ್‌ಪೀಸ್, ಹಗ್ಗ, ಕೆಲವು ಚೆಂಡು ಸಾಕು. ಅಂಗಳವಿಲ್ಲದ ಶಾಲೆಯಲ್ಲಿ ಬೆಂಚು ಬದಿಗೆ ಸರಿಸಿದರೂ ನಡೆಯುತ್ತದೆ. ಬೇಕಾಗಿರುವುದು ಶಿಕ್ಷಕರಿಗೆ ತರಬೇತಿ. ಭಾಷಣ ಕೇಳಿಸಿ ಕಳಿಸುವ ತರಬೇತಿ ಅಲ್ಲ. ಶಿಕ್ಷಕರು ತಾವೇ ಗೆರೆಯ ಮೇಲೆ ಜಿಗಿದು, ಮಗು ಎಲ್ಲಿ ಎಡವುತ್ತದೆ ಅಂತ ಕಂಡುಕೊಳ್ಳುವ ತರಬೇತಿ.

ಆದ್ದರಿಂದ ಮುಂದಿನ ಶೈಕ್ಷಣಿಕ ವರ್ಷಕ್ಕೆ ಮೊದಲು ಒಂದು ಸುತ್ತೋಲೆ ಹೊರಡಿಸಿ. ಒಂದರಿಂದ ಮೂರನೇ ತರಗತಿಯವರೆಗೆ ವಾರಕ್ಕೆ ಮೂರು ಲೆಕ್ಕ ಅಥವಾ ಭಾಷೆಯ ಪಾಠಗಳನ್ನು ಆಟದ ಮೂಲಕ ಮಾಡಬಹುದು, ಅದು ಪೂರ್ಣ ಪಾಠ ಅಂತಲೇ ದಾಖಲಾಗುತ್ತದೆ, ಆಟದ ಪೀರಿಯಡ್ ಹಾಗೇ ಉಳಿಯುತ್ತದೆ ಅಂತ ಅದರಲ್ಲಿ ಬಿಡಿಸಿ ಬರೆಸಿ. ಎಲ್ಲ ಶಾಲೆಗೂ ಒಮ್ಮೆಲೇ ಹೇರುವುದು ಬೇಡ. ಒಪ್ಪಿ ಮುಂದೆ ಬರುವ ಶಾಲೆಗಳಲ್ಲಿ ಶುರುವಾಗಲಿ. ವರ್ಷದ ಮೊದಲು ಮತ್ತು ಕೊನೆಗೆ ಮಕ್ಕಳ ಲೆಕ್ಕ, ಓದು ಎರಡನ್ನೂ ಪರೀಕ್ಷಿಸಿ, ಫಲಿತಾಂಶ ಹೇಗೇ ಬರಲಿ, ಜನರ ಮುಂದಿಡಿ.

ತಮ್ಮ ಉತ್ತರಕ್ಕಾಗಿ ಕಾಯುತ್ತಿರುವ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ