ಸ್ಟೋನ್‌ವಾಲ್‌ಗೂ ಮುಂಚಿನ ಹೆಣ್ಣುಮಕ್ಕಳು

ಸಂಪಾದಕರೇ,

ಸಲಿಂಗ ಪ್ರೇಮಿಗಳ ಹೋರಾಟವು 1969ರಲ್ಲಿ ನ್ಯೂಯಾರ್ಕ್‌ನ ಸ್ಟೋನ್‌ವಾಲ್ ಬಾರ್ ಮೇಲಿನ ಪೊಲೀಸ್ ದಾಳಿಯ ವಿರುದ್ಧ ಎದ್ದ ದಂಗೆಯಿಂದಲೇ ಶುರುವಾಯಿತು ಎಂಬಂತೆ ಲೇಖನಗಳು ಬರುತ್ತವೆ. ಅದಕ್ಕೂ 14 ವರ್ಷ ಮೊದಲು, 1955ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಾಲ್ಕು ಹೆಣ್ಣುಜೋಡಿಗಳು ‘ಡಾಟರ್ಸ್ ಆಫ್ ಬಿಲಿಟಿಸ್’ ಸಂಘ ಕಟ್ಟಿದ್ದನ್ನು ಮರೆಯುವುದು ಅನ್ಯಾಯ. ಪೊಲೀಸರ ಭಯವಿಲ್ಲದೆ ಹರಟಲು, ಜೊತೆಯಾಗಿ ಕುಣಿಯಲು ಒಂದು ಜಾಗ: ಮೊದಲಿಗೆ ಅವರು ಬಯಸಿದ್ದು ಇಷ್ಟನ್ನೇ. ಸಲಿಂಗ ಪ್ರೇಮಿಗಳು ಸೇರುವ ಬಾರ್ ಮೇಲಿನ ಪೊಲೀಸ್ ದಾಳಿಯಲ್ಲಿ ಸಿಕ್ಕಿಬಿದ್ದರೆ ಕೆಲಸವನ್ನೂ, ಹೆತ್ತ ಮಕ್ಕಳನ್ನೂ ಕಳೆದುಕೊಳ್ಳಬಹುದಾಗಿದ್ದ ಕಾಲ ಅದು.

1956ರಲ್ಲಿ ಸಂಘವು ‘ದಿ ಲ್ಯಾಡರ್’ ಪತ್ರಿಕೆ ಹೊರತಂದಿತು. ‘ನಾನೊಬ್ಬಳೇ ಹೀಗೆ’ ಎಂದು ಎಲ್ಲೋ ಕೊರಗುತ್ತಿದ್ದವಳಿಗೆ ಅಂಚೆಯಲ್ಲಿ ಬಂದ ಆ ಸಂಚಿಕೆ ಎಂಥ ಆಸರೆಯಾಗಿರಬೇಕು!

ಸಂಸ್ಥಾಪಕರಾದ ಡೆಲ್ ಮಾರ್ಟಿನ್ ಮತ್ತು ಫಿಲಿಸ್ ಲಯನ್ 1953ರಿಂದ ಒಂದೇ ಮನೆಯಲ್ಲಿ ಬಾಳಿದವರು. 2004ರಲ್ಲಿ ಅವರು ಆದ ಮದುವೆಯನ್ನು ನ್ಯಾಯಾಲಯ ಅಸಿಂಧುಗೊಳಿಸಿತು. 2008ರ ಜೂನ್‌ನಲ್ಲಿ ಮತ್ತೆ ಮದುವೆಯಾದಾಗ ಡೆಲ್ ಅವರಿಗೆ 87 ವರ್ಷ. ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. 55 ವರ್ಷಗಳ ಸಂಸಾರಕ್ಕೆ ಕಾನೂನಿನ ಮನ್ನಣೆ ದಕ್ಕಿದ್ದು ಎರಡೇ ತಿಂಗಳು ಎಂಬುದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಮುಂದಿನ ಬಾರಿ ಸ್ಟೋನ್‌ವಾಲ್ ಬಗ್ಗೆ ಬರೆಯುವಾಗ ಈ ಇಬ್ಬರ ಹೆಸರನ್ನೂ ದಯವಿಟ್ಟು ಮುದ್ರಿಸಿ.

– ಓದುಗರೊಬ್ಬರು, ಮೈಸೂರು